ವಿಳಾಸವಿರುವ ಕಲ್ಲು

ಇಂಗ್ಲೆಂಡಿನ ಕೆಂಟ್ ಕರಾವಳಿಯ ಬಿಳಿ ಕಡಿಬಂಡೆಗಳ ಬುಡದಲ್ಲಿ, ಕಡಲು ಇಳಿದಾಗ ತೆರೆದುಕೊಳ್ಳುವ ಉರುಳುಗಲ್ಲುಗಳ ನಡುವೆ, ಮಗುವಿನ ಮುಷ್ಟಿಯಷ್ಟು ದೊಡ್ಡದಾದ ಹೃದಯಾಕಾರದ ಕಲ್ಲುಗಳು ಒಮ್ಮೊಮ್ಮೆ ಸಿಗುತ್ತವೆ. ಅಂಥದೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ನೆತ್ತಿಯ ಮೇಲೆ ಐದೆಸಳಿನ ಹೂವೊಂದನ್ನು ಅಚ್ಚೊತ್ತಿದಂತಿರುತ್ತದೆ. ಎಸಳಿನ ಎರಡೂ ಅಂಚಿಗೆ ಸೂಜಿಮೊನೆಯಿಂದ ಚುಚ್ಚಿದಂಥ ಜೋಡಿರಂಧ್ರಗಳ ಸಾಲು. ಮೈತುಂಬ ಸಾಸಿವೆಗಿಂತ ಸಣ್ಣ ಗುಬುಟುಗಳು. ಒಂದೊಂದು ಗುಬುಟಿನ ಮೇಲೂ ಒಂದೊಂದು ಮುಳ್ಳು ನಿಂತಿತ್ತು. ಮಗುಚಿದರೆ ಮುಂದಿನ ಅಂಚಿಗೆ ಹತ್ತಿರವಾಗಿ ಬಾಯಿ, ಅದಕ್ಕೆ ಮರೆಯಾಗುವಂತೆ ಚಾಚಿದ ತುಟಿ. ಇದು ಸೀ ಅರ್ಚಿನ್, ಅಂದರೆ ಕಡಲ ಮುಳ್ಳುಚೆಂಡಿನ ಪಳೆಯುಳಿಕೆ. ಕುಲದ ಹೆಸರು ಮೈಕ್ರಾಸ್ಟರ್. ಇಂಥದೊಂದು ಕೈಗೆ ಬಂದವರಿಗೆ ಇದಕ್ಕಿಂತ ಚೆಂದದ್ದು, ಎಲ್ಲೂ ಮುಕ್ಕಾಗದ್ದು ಸಿಗಬಾರದೇ ಅನ್ನಿಸುವುದು ಸಹಜ. ಆದರೆ ಯಾವ ಪದರದಿಂದ ಬಂತೆಂದು ಗುರುತು ಹಾಕಿಟ್ಟ ಹತ್ತು ಸಾಧಾರಣ ಅರ್ಚಿನ್‌ಗಳು, ಎಲ್ಲಿಯದೆಂದು ಗೊತ್ತಿಲ್ಲದ ಒಂದು ಸುಂದರ ಅರ್ಚಿನ್‌ಗಿಂತ ಬಹಳ ಬೆಲೆಯುಳ್ಳವು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಂಗ್ರಹಕಾರನ ಚೀಲದಲ್ಲಿ ಸುತ್ತಿಗೆಗಿಂತ ಮೊದಲು ಇರಬೇಕಾದದ್ದು ನೋಟ್‌ಬುಕ್ ಮತ್ತು ಪೆನ್ಸಿಲ್.

ಈ ಪ್ರಾಣಿ ಇಷ್ಟು ಚೆನ್ನಾಗಿ ಉಳಿದು ಬಂದದ್ದೇಕೆ ಎಂಬುದರಿಂದ ಶುರುಮಾಡೋಣ. ಅರ್ಚಿನ್‌ನ ಕವಚ ಕ್ಯಾಲ್ಸೈಟ್ ಫಲಕಗಳನ್ನು ಜೋಡಿಸಿ ಕಟ್ಟಿದ ಪೆಟ್ಟಿಗೆ. ಸತ್ತ ಮೇಲೆ ಮುಳ್ಳುಗಳು ಉದುರುತ್ತವೆ. ಕಡಲತಳದ ಮೇಲೆ ಬದುಕುವ ದುಂಡನೆಯ ಅರ್ಚಿನ್‌ಗಳಾದರೆ ಕವಚವೂ ಬೇಗ ಬಿಡಿಬಿಡಿಯಾಗಿ ಚದುರುತ್ತದೆ. ಹೃದಯಾಕಾರದವು ಕೆಸರಿನೊಳಗೆ ಹೂತುಕೊಂಡೇ ಬದುಕುವ ಜಾತಿಗಳು. ಬದುಕಿದ್ದಾಗಲೇ ಸಮಾಧಿಯೊಳಗೆ ಇರುವುದರಿಂದ ಸತ್ತಾಗ ಅಲೆಯ ಕೈಗಾಗಲಿ ಏಡಿಗಳ ಕೈಗಾಗಲಿ ಸುಲಭವಾಗಿ ಸಿಕ್ಕುವುದಿಲ್ಲ. ಅವು ಹೂತುಕೊಂಡ ಕೆಸರೇ ಮುಂದೆ ಸೀಮೆಸುಣ್ಣದ ಬಂಡೆಯಾಯಿತು. ಸುಮಾರು 10 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ, ಕ್ರಿಟೇಷಿಯಸ್ ಯುಗದ ಉತ್ತರಾರ್ಧದಲ್ಲಿ, ಯುರೋಪಿನ ಬಹುಭಾಗದ ಮೇಲೆ ಕಡಲು ಏರಿ ನಿಂತಿತ್ತು. ಮಹಾಸಾಗರದ ಆಳಕ್ಕೆ ಹೋಲಿಸಿದರೆ ಅದು ತೆಳುನೀರಿನ ಕಡಲು. ಬರಿಗಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಬಿಲ್ಲೆಗಳು, ಅಂದರೆ ಕೊಕೊಲಿತ್‌ಗಳು, ಅದರ ತಳಕ್ಕೆ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ಇಳಿದು ನೂರಾರು ಮೀಟರ್ ದಪ್ಪವಾದವು. ಕಾಲ ಅಳೆಯಲು ಬೇರೆಡೆ ನೆರವಾಗುವ ಅಮೊನೈಟ್‌ಗಳ ಚಿಪ್ಪು ಅರಗೊನೈಟ್ ಎಂಬ ಖನಿಜದ್ದು. ಅದು ಈ ಕೆಸರಿನಲ್ಲಿ ಕರಗಿಹೋಯಿತು. ಕ್ಯಾಲ್ಸೈಟ್ ಉಳಿಯಿತು. ಹೀಗಾಗಿ ಮೇಲಿಂದ ಕೆಳಗಿನವರೆಗೆ ಒಂದೇ ಬಿಳಿಯಾಗಿ ಕಾಣುವ ಗೋಡೆಯಲ್ಲಿ ‘ಇದು ಯಾವ ಕಾಲ’ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಬಹುಮಟ್ಟಿಗೆ ಅರ್ಚಿನ್‌ಗಳ ಮೇಲೆ ಬಿತ್ತು.

ಆ ಉತ್ತರವನ್ನು ಕೇಳಿಸಿಕೊಂಡವರು ಮಾರ್ಗೇಟ್ ಊರಿನ ವೈದ್ಯ ಆರ್ಥರ್ ರೋ. ವಿಶ್ವವಿದ್ಯಾಲಯದ ಹುದ್ದೆಯಿಲ್ಲದ, ರೋಗಿಗಳನ್ನು ನೋಡುತ್ತ ಬಿಡುವಿನಲ್ಲಿ ಬಂಡೆ ನೋಡಿದ ಮನುಷ್ಯ. ಮೈಕ್ರಾಸ್ಟರ್ ಕುರಿತ ಅವರ ಪ್ರಬಂಧ 1899ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದಕ್ಕಾಗಿ ಅವರು ಪರಿಶೀಲಿಸಿದ ಮಾದರಿಗಳು ಎರಡು ಸಾವಿರದಷ್ಟು. ಸಂಖ್ಯೆ ದೊಡ್ಡದೇ; ಆದರೆ ಅವರ ಶಿಸ್ತು ಅದಕ್ಕಿಂತ ದೊಡ್ಡದು. ಪ್ರತಿಯೊಂದೂ ಯಾವ ವಲಯದ್ದು, ಆ ವಲಯದಲ್ಲಿ ಮೇಲಿನದೋ ನಡುವಿನದೋ ಕೆಳಗಿನದೋ ಎಂಬುದಕ್ಕೆ ಗುರುತಿತ್ತು. ಅಂಟಿದ ಸುಣ್ಣ ಬಿಡಿಸಲು ದಂತವೈದ್ಯರ ಕೊರೆಯುವ ಯಂತ್ರವನ್ನೇ ಬಳಸಿದರು. ಹಾಗೆ ಬಿಡಿಸಿದಾಗ ಕಂಡದ್ದು ಹಳೆಯ ಸಂಗ್ರಹಕಾರರು ಗಮನಿಸದೇ ಬಿಟ್ಟ ಸಂಗತಿ. ಕೆಳಗಿನ ಪದರಗಳ ಮೈಕ್ರಾಸ್ಟರ್‌ಗಳಲ್ಲಿ ಎಸಳಿನ ನಡುಭಾಗ ನುಣ್ಣಗಿರುತ್ತದೆ. ಮೇಲೇರಿದಂತೆ ಅಲ್ಲಿ ಹೊಲಿಗೆಯ ಗೆರೆ ಕಾಣತೊಡಗುತ್ತದೆ, ಆಮೇಲೆ ಆ ಭಾಗ ಉಬ್ಬುತ್ತದೆ, ಕೊನೆಗೆ ಉದ್ದಕ್ಕೂ ಸೀಳಿದಂತೆ ಎರಡಾಗುತ್ತದೆ. ಜೊತೆಜೊತೆಗೆ ಎಸಳುಗಳು ಉದ್ದವಾಗಿ ಆಳಕ್ಕಿಳಿಯುತ್ತವೆ, ಬಾಯಿ ಮುಂದಿನ ಅಂಚಿನತ್ತ ಸರಿಯುತ್ತದೆ, ತುಟಿ ಚಾಚಿ ಬಾಯನ್ನು ಮುಚ್ಚುತ್ತದೆ. ಲ್ಯಾಟಿನ್ನಿನಲ್ಲಿ ‘ಆಮೆಯ ಹೃದಯ’ ಎಂಬ ಅರ್ಥದ ಹೆಸರಿರುವ ಕಾರ್‌ಟೆಸ್ಟುಡಿನೇರಿಯಂ ಕೆಳಗೆ, ‘ಹಾವಿನ ಹೃದಯ’ ಎಂಬ ಹೆಸರಿನ ಕಾರಾಂಗ್ವಿನಂ ಮೇಲೆ. ಎರಡರ ನಡುವೆ ಇಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ.

ಇಲ್ಲಿ ನಮ್ಮ ಅಡುಗೆಮನೆಯ ತರ್ಕವನ್ನು ಮುಂದಿಡುವವರು ಇರಬಹುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕಲ್ಲವೇ, ಪ್ರತಿ ಪದರದಿಂದ ಒಂದೊಂದು ಒಳ್ಳೆಯ ಮಾದರಿ ಸಾಲದೇ ಎಂದು. ಸಾಲದು. ಒಂದೇ ಪಾತ್ರೆಯ ಅಗುಳುಗಳೆಲ್ಲ ಒಂದೇ ಹದಕ್ಕೆ ಬೆಂದಿರುತ್ತವೆ. ಒಂದೇ ಪದರದ ಅರ್ಚಿನ್‌ಗಳು ಹಾಗಿರುವುದಿಲ್ಲ. ಒಂದೇ ಹಾಸಿನಲ್ಲಿ ಹಳೆಯ ಲಕ್ಷಣ ಹೆಚ್ಚಿರುವವೂ ಹೊಸದಕ್ಕೆ ವಾಲಿದವೂ ಒಟ್ಟಿಗೇ ಇರುತ್ತವೆ. ಬದಲಾದದ್ದು ಗುಂಪಿನ ಸರಾಸರಿ, ಮತ್ತು ಸರಾಸರಿ ಒಂಟಿ ಕಲ್ಲಿನಲ್ಲಿ ಕಾಣುವುದಿಲ್ಲ. ಒಂದೊಂದನ್ನೇ ಆರಿಸುವಾಗ ಕಣ್ಣು ತನಗೆ ಹಿಡಿಸಿದ್ದನ್ನು ಆರಿಸುತ್ತದೆ. ಹಾಗೆ ಆರಿಸಿದ ಸಾಲು ಪ್ರಾಣಿಯ ಚರಿತ್ರೆಗಿಂತ ಆರಿಸಿದವರ ರುಚಿಯನ್ನೇ ಹೆಚ್ಚು ಹೇಳುತ್ತದೆ. ಒಡೆದ ಚೂರುಗಳನ್ನು ಬಿಸಾಡಬಾರದು ಎನ್ನುವುದೂ ಇದಕ್ಕೇ. ಎಸಳಿನ ಒಂದು ತುಣುಕು ಉಳಿದಿದ್ದರೂ ನುಣುಪೋ ಉಬ್ಬೋ ಸೀಳೋ ಎಂದು ನೋಡಬಹುದು, ಎಣಿಕೆಗೆ ಸೇರಿಸಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ರೋ ಕಂಡದ್ದು ನಿಜವಾಗಿ ವಿಕಾಸವೇ? ಕಡಲತಳದ ಕೆಸರು ಬದಲಾದಂತೆ ಬೇರೆ ಕಡೆಯ ಜಾತಿಗಳು ಬಂದು ನೆಲೆಸಿದ್ದರೂ ಸಾಲು ಹೀಗೆಯೇ ಕಾಣಬಹುದಲ್ಲ? ಈ ಸಂಶಯ ನ್ಯಾಯವಾದದ್ದು. 1954ರಲ್ಲಿ ಕೆರ್ಮ್ಯಾಕ್ ಅವರು ಮೈಕ್ರಾಸ್ಟರ್‌ಗಳ ಅಳತೆಗಳನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದರು. 1959ರಲ್ಲಿ ಡೇವಿಡ್ ನಿಕೋಲ್ಸ್ ಇನ್ನೊಂದು ದಾರಿ ಹಿಡಿದರು. ಇಂದಿಗೂ ಬದುಕಿರುವ ಹೃದಯಾಕಾರದ ಅರ್ಚಿನ್‌ಗಳು ಮರಳಿನಲ್ಲಿ ಹೇಗೆ ಹೂತುಕೊಳ್ಳುತ್ತವೆ, ಉಸಿರಾಟದ ನೀರನ್ನು ಹೇಗೆ ಎಳೆದುಕೊಳ್ಳುತ್ತವೆ ಎಂದು ನೋಡಿ, ಆ ತಿಳಿವಳಿಕೆಯಿಂದ ಕಲ್ಲಾದವುಗಳ ಅಂಗರಚನೆಯನ್ನು ವಿವರಿಸಿದರು. ಮುಖ್ಯ ಸಾಲಿನ ಮೈಕ್ರಾಸ್ಟರ್‌ಗಳು ಕಾಲ ಕಳೆದಂತೆ ಕೆಸರಿನಲ್ಲಿ ಹೆಚ್ಚು ಹೆಚ್ಚು ಆಳಕ್ಕೆ ಇಳಿದು ಬದುಕತೊಡಗಿದವು, ಉದ್ದದ ಎಸಳೂ ಚಾಚಿದ ತುಟಿಯೂ ಆ ಬದುಕಿಗೆ ಒದಗಿದವು ಎಂಬುದು ಅವರ ನಿಲುವು. ಅದನ್ನು ಎಲ್ಲರೂ ಒಪ್ಪಿಲ್ಲ. ಆಳದ ಮಾತು ಅತಿಯಾಯಿತು ಎನ್ನುವವರಿದ್ದಾರೆ, ಬದಲಾವಣೆ ರೋ ಎಣಿಸಿದಷ್ಟು ನಯವಾಗಿ ನಡೆಯಲಿಲ್ಲ ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಈ ತಕರಾರೇ ವಾದಕ್ಕೆ ಬಲ ಕೊಡುತ್ತದೆ. ರೋ ಅವರ ತೀರ್ಮಾನ ತಪ್ಪೆಂದು ತೋರಿಸಬೇಕಾದರೂ ‘ಈ ಕಲ್ಲು ಆ ಕಲ್ಲಿಗಿಂತ ಮೇಲಿನ ಪದರದ್ದು’ ಎಂಬ ಟಿಪ್ಪಣಿ ಬೇಕೇ ಬೇಕು. ವಿಳಾಸವಿಲ್ಲದ ಸಂಗ್ರಹವನ್ನು ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು.

ಚೆಂದಕ್ಕಾಗಿ ಆರಿಸುವುದನ್ನು ನಾನು ಹಳಿಯುತ್ತಿಲ್ಲ. ಅದು ಮನುಷ್ಯನಷ್ಟೇ ಹಳೆಯ ಪ್ರೀತಿ. ಇಂಗ್ಲೆಂಡಿನ ಹಳ್ಳಿಗರು ಹೊಲದಲ್ಲಿ ಸಿಕ್ಕ ಅರ್ಚಿನ್‌ಗಳಿಗೆ ‘ಕುರುಬನ ಕಿರೀಟ’ ಎಂದರು, ‘ಯಕ್ಷಿಯ ರೊಟ್ಟಿ’ ಎಂದರು. ಮನೆಯಲ್ಲಿಟ್ಟರೆ ರೊಟ್ಟಿಗೆ ಬರವಿಲ್ಲ ಎಂದು ನಂಬಿದರು. 1887ರಲ್ಲಿ ವರ್ದಿಂಗ್ಟನ್ ಸ್ಮಿತ್ ಅವರು ಡನ್‌ಸ್ಟಬಲ್ ದಿಬ್ಬದಲ್ಲಿ ತೆರೆದ ಪ್ರಾಚೀನ ಸಮಾಧಿಯಲ್ಲಿ ಒಬ್ಬ ಹೆಂಗಸು ಮತ್ತು ಮಗುವಿನ ಅಸ್ಥಿಗಳೊಂದಿಗೆ ಇನ್ನೂರಕ್ಕೂ ಹೆಚ್ಚು ಅರ್ಚಿನ್‌ಗಳಿದ್ದವು. ಅವುಗಳನ್ನು ಜೋಡಿಸಿದ ಕೈಗೆ ಪದರದ ಗೊಡವೆ ಇರಲಿಲ್ಲ. ಆದರೂ ಅವು ಆ ಕಾಲದ ಜನರ ದುಃಖದ ಬಗ್ಗೆ ನಮಗೆ ಏನಾದರೂ ಹೇಳುತ್ತಿದ್ದರೆ, ಎಲ್ಲಿ, ಯಾರ ಪಕ್ಕದಲ್ಲಿ ಸಿಕ್ಕವು ಎಂದು ಬರೆದಿಟ್ಟಿರುವುದೇ ಕಾರಣ.

ಕನ್ನಡದ ಓದುಗರು ತಮ್ಮ ಸುತ್ತ ಇಂಥವನ್ನು ಹುಡುಕಿದರೆ ನಿರಾಶೆಯಾಗುತ್ತದೆ. ನಮ್ಮ ಕಲಾದಗಿ ಮತ್ತು ಭೀಮಾ ಪ್ರದೇಶದ ಸುಣ್ಣಕಲ್ಲುಗಳು ಅರ್ಚಿನ್‌ಗಳು ಹುಟ್ಟುವುದಕ್ಕೂ ಬಹಳ ಮೊದಲಿನವು. ಉಳಿದಂತೆ ನಮ್ಮದು ಬಹುಪಾಲು ನೈಸ್, ಗ್ರಾನೈಟ್, ಬಸಾಲ್ಟ್ ನಾಡು. ಆದರೆ ಕಾವೇರಿ ಹರಿದು ಹೋಗುವ ಕೆಳಗಿನ ಸೀಮೆಯಲ್ಲಿ, ತಮಿಳುನಾಡಿನ ಅರಿಯಲೂರು ಸುತ್ತಮುತ್ತ, ಕ್ರಿಟೇಷಿಯಸ್ ಕಡಲಿನ ಪದರಗಳಿವೆ. ಅಲ್ಲಿಯ ಪಳೆಯುಳಿಕೆಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲೇ ವರ್ಣಿಸಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗಾಗಿ ಫರ್ಡಿನಾಂಡ್ ಸ್ಟೋಲಿಚ್ಕಾ ಅಲ್ಲಿನ ಅರ್ಚಿನ್‌ಗಳ ವಿವರವನ್ನು 1873ರಲ್ಲಿ ಪ್ರಕಟಿಸಿದರು. ಇಂದು ಅದೇ ಸುಣ್ಣಕಲ್ಲನ್ನು ಸಿಮೆಂಟಿಗಾಗಿ ತೋಡುತ್ತಾರೆ. ಗಣಿಯ ಗೋಡೆ ಹೊಸ ಪದರಗಳನ್ನು ತೆರೆದು ತೋರಿಸುತ್ತದೆ, ತೋರಿಸಿದ್ದನ್ನು ಕುಲುಮೆಗೂ ಕಳಿಸುತ್ತದೆ. ಅಪ್ಪಣೆ ಪಡೆದು ಹೋದವರು ಆ ನಡುವಿನ ಅವಧಿಯಲ್ಲಿ ಗೋಡೆಯ ಚಿತ್ರ ತೆಗೆದು, ಎತ್ತರ ಅಳೆದು ಬರೆದುಕೊಳ್ಳದಿದ್ದರೆ ಆ ಪುಟ ಮತ್ತೆ ಸಿಗದು.

ಕಡೆಯದಾಗಿ ಉಳಿಯುವ ಆಕ್ಷೇಪ ನನ್ನ ವಾದದೊಳಗಿಂದಲೇ ಏಳುತ್ತದೆ. ವಿಳಾಸ ಬೇಕೆಂದರೆ ಬಂಡೆಯಿಂದಲೇ ಕೀಳಬೇಕು, ಬಹಳ ಬೇಕೆಂದರೆ ಬಹಳ ಕೀಳಬೇಕು. ಎಲ್ಲರೂ ಹೀಗೆ ಮಾಡಿದರೆ ಬಂಡೆಯ ಗತಿಯೇನು? ಎರಡು ಸಾವಿರ ಅರ್ಚಿನ್‌ಗಳ ಕೆಲಸವನ್ನು ರೋ ಒಮ್ಮೆ ಮಾಡಿದ್ದಾರೆ, ಅವರ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿದೆ. ಪ್ರತಿಯೊಬ್ಬ ಹವ್ಯಾಸಿಯೂ ಅದನ್ನು ಮರಳಿ ಮಾಡಬೇಕಾಗಿಲ್ಲ. ಗೋಡೆಯಲ್ಲಿ ಭದ್ರವಾಗಿರುವುದನ್ನು ಚಿತ್ರ ತೆಗೆದು ಅಲ್ಲೇ ಬಿಡುವುದು ಮೇಲು. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳಲು ಅಳುಕಬೇಕಿಲ್ಲ, ಇಲ್ಲದಿದ್ದರೆ ಕೆಲವೇ ಉಬ್ಬರಗಳಲ್ಲಿ ಅಲೆ ಅದನ್ನು ತೇಯ್ದುಬಿಡುತ್ತದೆ. ಬಿದ್ದದ್ದಕ್ಕೆ ವಿಳಾಸವೆಲ್ಲಿ ಎಂದರೆ, ಅದು ಹೊಟ್ಟೆಯಲ್ಲಿದೆ. ಪ್ರಾಣಿ ಸತ್ತು ಕವಚ ಬರಿದಾದಾಗ ಒಳಗೆ ತುಂಬಿಕೊಂಡದ್ದು ಆಗಿನ ಕಡಲತಳದ ಕೆಸರೇ. ಬಾಯಿಯ ರಂಧ್ರದಿಂದ ಚಿಟಿಕೆಯಷ್ಟು ಪುಡಿ ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಕೊಕೊಲಿತ್‌ಗಳು ಕಾಣುತ್ತವೆ. ಅವುಗಳ ಜಾತಿಗಳೂ ಪದರದಿಂದ ಪದರಕ್ಕೆ ಬದಲಾಗುವುದರಿಂದ, ಬಲ್ಲವರು ಆ ಅರ್ಚಿನ್ ಗೋಡೆಯ ಯಾವ ಎತ್ತರದಿಂದ ಉರುಳಿತೆಂದು ಸುಮಾರಾಗಿ ಹೇಳಬಲ್ಲರು. ಆದ್ದರಿಂದ ಮನೆಗೆ ತಂದ ಅರ್ಚಿನ್‌ನ ಬೆನ್ನನ್ನು ಬೇಕಾದರೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಹೂವಿನ ಎಸಳುಗಳನ್ನು ಬಿಡಿಸಿಕೊಳ್ಳಿ. ಕೆಳಮೈಯ ಬಾಯಲ್ಲಿ ಕಚ್ಚಿಕೊಂಡಿರುವ ಆ ಬಿಳಿಯ ಸುಣ್ಣವನ್ನು ಮಾತ್ರ ಹಾಗೇ ಬಿಡಿ.