ಸೌಹಾರ್ದಕ್ಕೆಂದು ಹೋದವರು ಬರೆದ ಸಾವಿನ ಲೆಕ್ಕ

ನಮ್ಮ ಮಂಗಳೂರಿಗೆ ಸಮುದ್ರವಿಲ್ಲ. ಯಲಬುರ್ಗಾ, ಕುಕನೂರು ಸೀಮೆಯ ಹೊಲಗಳ ನಡುವಿನ ಊರಿದು. 1948ರವರೆಗೆ ಈ ಭಾಗವೆಲ್ಲ ನಿಜಾಮರ ರಾಜ್ಯ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಪಡುವಣಕ್ಕೆ ಗಡಿ ದಾಟಿದರೆ ಮುಂಬೈ ಪ್ರಾಂತ್ಯ. ನಿಜಾಮರ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಹಾವಳಿ ಹೆಚ್ಚಿದಾಗ ಜನ ಗಂಟುಮೂಟೆ ಕಟ್ಟಿಕೊಂಡು ಆ ಕಡೆ ಹೋದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿ 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಮೊದಲ ಲೋಕಸಭೆಗೆ ಆರಿಸಿಹೋದರು.

ಇಷ್ಟು ನಮಗೆಲ್ಲ ಗೊತ್ತು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ, ವಿಮೋಚನೆಯ ದಿನ, ಧ್ವಜ ಏರಿಸಿ ಹೇಳುತ್ತೇವೆ, ಹೇಳಲೂಬೇಕು. ಹದಿನೇಳು ಕಳೆದ ಮೇಲೆ ಏನಾಯಿತು ಎಂಬಲ್ಲಿ ಮಾತ್ರ ಭಾಷಣ ನಿಂತುಬಿಡುತ್ತದೆ.

ಅದನ್ನು ಬರೆದಿಟ್ಟವರು ಪಂಡಿತ್ ಸುಂದರಲಾಲ್. ಗಾಂಧಿಯ ಹಾದಿಯವರು, ಬ್ರಿಟಿಷ್ ಆಳ್ವಿಕೆಯ ಮೇಲೆ ಅವರು ಬರೆದ ಹಿಂದಿ ಗ್ರಂಥ 1929ರಲ್ಲಿ ಹೊರಬಂದೊಡನೆ ಮುಟ್ಟುಗೋಲಾಗಿತ್ತು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ ಮುಗಿದ ಕೆಲವೇ ವಾರಗಳಲ್ಲಿ ಕೊಲೆ, ಲೂಟಿಯ ಸುದ್ದಿಗಳು ದೆಹಲಿ ಮುಟ್ಟತೊಡಗಿದವು. ಕೇಂದ್ರ ಸರ್ಕಾರ ಸುಂದರಲಾಲರನ್ನೂ ಉರ್ದು ಲೇಖಕ ಖಾಜಿ ಅಬ್ದುಲ್ ಗಫಾರರನ್ನೂ ಮೌಲಾನಾ ಅಬ್ದುಲ್ಲಾ ಮಿಸ್ರಿಯವರನ್ನೂ ಹೈದರಾಬಾದಿಗೆ ಕಳಿಸಿತು. ವಿಚಾರಣೆಗಲ್ಲ, ಹಿಂದೂ ಮುಸ್ಲಿಮರ ನಡುವೆ ಸೌಹಾರ್ದ ಬೆಸೆಯಲು. ತಾವು ತನಿಖಾ ಆಯೋಗವಲ್ಲ ಎಂದು ಅವರೇ ವರದಿಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಹೇಗೆ?

ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸುತ್ತಾಟ. ರಾಜ್ಯದ 16 ಜಿಲ್ಲೆಗಳಲ್ಲಿ 9, ಜೊತೆಗೆ 21 ಪಟ್ಟಣ, 23 ದೊಡ್ಡ ಹಳ್ಳಿ. ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಹೆಣಗಳು ಕೊಳೆಯುತ್ತಿದ್ದ ಬಾವಿಗಳನ್ನು ಕಣ್ಣಾರೆ ನೋಡಿದರು. ಕಾರ್ಯಾಚರಣೆಯ ಹೊತ್ತಿನಲ್ಲೂ ಆಮೇಲೂ ಸತ್ತವರು ಕಡಿಮೆಯೆಂದರೆ 27,000ದಿಂದ 40,000 ಎಂದು ಅಂದಾಜಿಸಿದರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ಕಲಬುರಗಿ, ಬೀದರ್. ಕೊನೆಯ ಎರಡು ಇಂದು ಕರ್ನಾಟಕದಲ್ಲಿವೆ. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅವರಲ್ಲಿ ಎಷ್ಟೋ ಜನಕ್ಕೆ ರಜಾಕಾರರ ಸಹವಾಸವೇ ಇರಲಿಲ್ಲ.

ವರದಿಯ ಬೆಲೆ ಇರುವುದು ಬರೀ ಅಂಕಿಯಲ್ಲಲ್ಲ. ರಜಾಕಾರರ ಕ್ರೌರ್ಯವನ್ನು ಅದು ಮುಚ್ಚಲಿಲ್ಲ, ಸೇಡಿನ ಬೇರು ಅಲ್ಲಿದೆ ಎಂದಿತು. ಸೇನೆಯ ಒಟ್ಟಾರೆ ಶಿಸ್ತನ್ನು ಮೆಚ್ಚಿತು. ಕೆಲವೆಡೆ ಸಮವಸ್ತ್ರದವರೇ ಲೂಟಿಗೆ, ಅದಕ್ಕಿಂತ ಹೀನ ಕೆಲಸಗಳಿಗೆ ಕೈಹಾಕಿದ್ದನ್ನೂ ಹೇಳಿತು. ಮುಸ್ಲಿಂ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ತಮ್ಮವರಿಗೇ ಎದುರು ನಿಂತು ಪ್ರಾಣ ಕೊಟ್ಟ ಸಂಗತಿಯೂ ಅದರಲ್ಲಿದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಯುದ್ಧದಲ್ಲಿ ನಾಗರಿಕರಿಗೆ ರಕ್ಷಣೆ ಕೊಡುವ ಜಿನೀವಾ ಒಪ್ಪಂದ ಆದದ್ದೇ ಈ ಸುತ್ತಾಟದ ನಂತರ, 1949ರಲ್ಲಿ. ಮಾನವ ಹಕ್ಕು ಸಂಶೋಧಕ ಎಂಬ ಉದ್ಯೋಗ ಆಗಿನ್ನೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸಾಕ್ಷಿಗಳನ್ನು ಕೂರಿಸಿ ಕೇಳುವುದು, ಜಾಗಕ್ಕೇ ಹೋಗಿ ನೋಡುವುದು, ತನ್ನ ಪಕ್ಷದ ತಪ್ಪನ್ನೂ ಬರೆಯುವುದು: ಈಗಿನವರು ಸಂಬಳ ಪಡೆದು ಮಾಡುವ ಈ ಕೆಲಸವನ್ನು ಆ ತಂಡ ಆಗಲೇ ಮಾಡಿತ್ತು.

ಸರ್ಕಾರ ವರದಿಯನ್ನು ಪ್ರಕಟಿಸಲಿಲ್ಲ. ಗಲಭೆ ಮತ್ತೆ ಹೊತ್ತಿಕೊಂಡೀತು ಎಂಬ ಭಯ ಆ ಹೊತ್ತಿಗೆ ಸುಳ್ಳಲ್ಲದಿರಬಹುದು, ಆದರೆ ಅದು ಆರು ದಶಕಕ್ಕೆ ಸಾಲುವ ನೆಪವಲ್ಲ. 1988ರಲ್ಲಿ ಇತಿಹಾಸಕಾರ ಉಮರ್ ಖಾಲಿದಿ ಕೆಲವು ಭಾಗಗಳನ್ನು ಅಚ್ಚು ಹಾಕಿಸಿದರು. 2013ರಲ್ಲಿ ಎ.ಜಿ. ನೂರಾನಿ ವರದಿಯನ್ನು ತಮ್ಮ ಪುಸ್ತಕದಲ್ಲಿ ಸೇರಿಸಿದರು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ಸಿಗುವಂತಾದದ್ದೂ ಆ ಹೊತ್ತಿಗೇ.

1948ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ನಿಮ್ಮ ಮನೆಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಕೇಳಿ ಬರೆದುಕೊಳ್ಳಿ. ರಜಾಕಾರರು ಕೊಂದವರ ಹೆಸರನ್ನೂ ಆಮೇಲೆ ಸತ್ತವರ ಹೆಸರನ್ನೂ ಒಂದೇ ವಹಿಯಲ್ಲಿ ಬರೆಯಿರಿ.