ಮೂರರ ಮೇಲೆ ನಾಲ್ಕು: ಒಂದು ರಾಕ್ ಬ್ಯಾಲೆಡ್ ಬೆರಳಿಗೆ ಇಳಿಯುವ ಬಗೆ

‘ಡಸ್ಟ್ ಇನ್ ದಿ ವಿಂಡ್’ ಹುಟ್ಟಿದ್ದು ಹಾಡಾಗಿ ಅಲ್ಲ, ಬೆರಳಿನ ಸಾಧಕವಾಗಿ. ಅಮೆರಿಕದ ಟೊಪೀಕಾ ಊರಿನ ‘ಕ್ಯಾನ್ಸಸ್’ ರಾಕ್ ತಂಡದ ಕೆರಿ ಲಿವ್‌ಗ್ರೆನ್, ಅಕೂಸ್ಟಿಕ್ ಗಿಟಾರನ್ನು ಬೆರಳಿನಿಂದ ಮೀಟುವ ಅಭ್ಯಾಸಕ್ಕೆಂದು ಒಂದು ಪಾಠವನ್ನು ತಾವೇ ಕಟ್ಟಿಕೊಂಡಿದ್ದರು. ಅದು ಕಿವಿಗೆ ಬಿದ್ದ ಅವರ ಪತ್ನಿ, ಇದಕ್ಕೆ ಮಾತು ಸೇರಿಸಬಾರದೇಕೆ ಎಂದರು. ಹಾಡು 1977ರ ಆಲ್ಬಮ್ಮಿನಲ್ಲಿ ಬಂತು. ಮರುವರ್ಷ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಮೂಲತಃ ಪಾಠವೇ ಆಗಿದ್ದರಿಂದಲೋ ಏನೋ, ಕೈ ಮತ್ತು ಮಿದುಳು ಹೊಸ ಕೆಲಸವನ್ನು ಕಲಿಯುವ ರೀತಿ ಇದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ಮೊದಲ ಕೆಲಸ ಬಲಗೈಯದು. ಹೆಬ್ಬೆರಳು ಕೆಳಸ್ಥಾಯಿಯ ಎರಡು ತಂತಿಗಳ ನಡುವೆ ಲೋಲಕದಂತೆ ಅತ್ತಿತ್ತ ಓಡಾಡುತ್ತದೆ. ತೋರುಬೆರಳು ಮತ್ತು ನಡುಬೆರಳು ಆ ಪೆಟ್ಟುಗಳ ಸಂದಿನಲ್ಲಿ ಮೇಲಿನ ತಂತಿಗಳನ್ನು ಮೀಟುತ್ತವೆ. ಕೇಳುವವರಿಗೆ ಇಬ್ಬರು ನುಡಿಸುತ್ತಿರುವಂತೆ ಅನ್ನಿಸುತ್ತದೆ. ಕೆಂಟಕಿಯ ಕಲ್ಲಿದ್ದಲು ಸೀಮೆಯಿಂದ ಬಂದ ಮರ್ಲ್ ಟ್ರಾವಿಸ್ ಈ ಬಗೆಯನ್ನು ಜನಪ್ರಿಯಗೊಳಿಸಿದ್ದರಿಂದ ಇದಕ್ಕೆ ‘ಟ್ರಾವಿಸ್ ಪಿಕಿಂಗ್’ ಎಂಬ ಹೆಸರು. ಆದರೆ ಅವರೇ ಅದನ್ನು ಕಲಿತದ್ದು ತಮ್ಮ ಊರ ಕಡೆಯ ಹಿರಿಯ ವಾದಕರಿಂದ. ಎಡಗೈಯನ್ನು ಸುಮ್ಮನಿರಿಸಿ ಹೆಬ್ಬೆರಳೊಂದನ್ನೇ ಮೊದಲು ಪಳಗಿಸುವುದು ವಾಡಿಕೆ. ಹೆಬ್ಬೆರಳು ಸ್ಥಿರವಾಗುವ ಮುನ್ನ ಉಳಿದ ಬೆರಳುಗಳನ್ನು ಸೇರಿಸಿದರೆ ಮೂರೂ ಒಂದೇ ಪೆಟ್ಟಿಗೆ ಬಂದು ಬೀಳುತ್ತವೆ. ಎರಡು ಚಲನೆಗಳನ್ನು ಒಂದಾಗಿಸುವುದು ನರಮಂಡಲಕ್ಕೆ ಸುಲಭ, ಬಿಡಿಸಿಡುವುದು ಕಷ್ಟ.

ಎಡಗೈಯ ಕೆಲಸವನ್ನು ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದೇ ಸಲೀಸು. ಹಾಡಿನ ಆರಂಭದಲ್ಲಿ ಇರುವುದು ಎರಡೇ ಕಾರ್ಡು, ಅಂದರೆ ಜೊತೆಯಾಗಿ ನುಡಿಯುವ ಸ್ವರಗುಚ್ಛ: ಸಿ ಮತ್ತು ಎ ಮೈನರ್. ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಎರಡನೇ ತಂತಿಯ ಮೇಲೆ ಸ, ನಿ, ರಿ ಎಂಬ ಮೂರು ಸ್ವರಗಳು ಸುತ್ತುತ್ತಲೇ ಇರುತ್ತವೆ. ಅಡಿಯಲ್ಲಿ ಕಾರ್ಡು ಬದಲಾಗುವುದು ಮಾತ್ರ ನಾಲ್ಕು ಹೆಜ್ಜೆಗೊಮ್ಮೆ. ಹಾಗಾಗಿ ಸಿಗುವುದು ‘ಸ ನಿ ರಿ ಸ, ನಿ ರಿ ಸ ನಿ, ರಿ ಸ ನಿ ರಿ, ಸ ನಿ ರಿ ಸ’. ಮೂರರ ಸುತ್ತು ನಾಲ್ಕರ ಮನೆಯೊಳಗೆ ಜಾರುತ್ತಾ ಹೋಗಿ, ಹನ್ನೆರಡು ಹೆಜ್ಜೆ ಮುಗಿದಾಗ ಮತ್ತೆ ಮೊದಲಿಗೆ ಬರುತ್ತದೆ. ಆದರೆ ಆ ಹೊತ್ತಿಗೆ ಕೆಳಗೆ ಕೂತಿರುವುದು ಸಿ ಅಲ್ಲ, ಎ ಮೈನರ್. ಎರಡೇ ಕಾರ್ಡಿನ ಮುನ್ನುಡಿ ಬೇಸರ ತರಿಸದೆ ಇರುವುದಕ್ಕೆ ಈ ಲೆಕ್ಕಾಚಾರವೇ ಕಾರಣ. ತಿಶ್ರ, ಚತುರಶ್ರಗಳ ಪರಿಚಯವಿದ್ದ ಕಿವಿಗೆ ಇದು ಬೇಗ ಹಿಡಿಸುತ್ತದೆ.

ಗಿಟಾರಿನ ಫ್ರೆಟ್ಟುಗಳು ವೀಣೆಯ ಮೆಟ್ಟಿಲುಗಳಿದ್ದಂತೆ. ಎರಡನೇ ತಂತಿಯನ್ನು ಒತ್ತದೆ ಮೀಟಿದರೆ ಸೆಕೆಂಡಿಗೆ ಸುಮಾರು 247 ಕಂಪನ, ಅದೇ ನಿ. 65 ಸೆಂ.ಮೀ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒತ್ತಿದರೆ ಮಿಡಿಯುವ ಉದ್ದ 61.4 ಸೆಂ.ಮೀ.ಗೆ ಇಳಿದು ಕಂಪನ 262ಕ್ಕೇರುತ್ತದೆ, ಅದು ಸ. ಮೂರನೆಯದರಲ್ಲಿ ಒತ್ತಿದರೆ 294, ಅದು ರಿ. ಸ್ವರ ಗೊತ್ತಾಗುವುದು ಒತ್ತಿದ ಬೆರಳುಗಳಲ್ಲಿ ಗಿಟಾರಿನ ಸೇತುವೆಗೆ (ಬ್ರಿಡ್ಜ್) ಹತ್ತಿರ ಇರುವುದರಿಂದ. ಆದ್ದರಿಂದ ಕಿರುಬೆರಳು ರಿ ಒತ್ತುವಾಗ ಸ ಮೇಲಿನ ತೋರುಬೆರಳನ್ನು ಎತ್ತಬೇಕಾಗಿಲ್ಲ. ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿರುವ ನಡುಬೆರಳಂತೂ ಎರಡೂ ಕಾರ್ಡಿಗೆ ಬೇಕಾದ್ದರಿಂದ ಕದಲುವುದೇ ಇಲ್ಲ. ಎತ್ತಬೇಕಿಲ್ಲದ ಬೆರಳನ್ನು ಎತ್ತದಿರುವುದನ್ನು ರೂಢಿಸಿಕೊಂಡರೆ ಅರ್ಧ ಪಾಠ ಮುಗಿದ ಹಾಗೆ.

ತೊಡಕು ಇರುವುದು ಕಿರುಬೆರಳಿನಲ್ಲಿ. ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಅವು ಬೆರಳನ್ನು ಎಳೆಯುತ್ತವೆ. ಉಂಗುರದ ಬೆರಳು ಮತ್ತು ಕಿರುಬೆರಳುಗಳ ರಜ್ಜುಗಳಿಗೂ ಸ್ನಾಯುಗಳಿಗೂ ಪರಸ್ಪರ ಜೋಡಣೆ ಇರುವುದರಿಂದ ಒಂದು ಎದ್ದರೆ ಇನ್ನೊಂದೂ ಏಳಲು ನೋಡುತ್ತದೆ. ಸಿ ಕಾರ್ಡಿನಲ್ಲಿ ಉಂಗುರದ ಬೆರಳು ಐದನೇ ತಂತಿಯನ್ನು ಬಿಗಿಹಿಡಿದಿರಬೇಕು, ಅದೇ ಹೊತ್ತಿಗೆ ಕಿರುಬೆರಳು ಹಗುರಾಗಿ ಕುಣಿಯಬೇಕು. ಉಕ್ಕಿನ ಆರು ತಂತಿಗಳ ಎಳೆತವೋ ಒಟ್ಟು 70 ಕೆ.ಜಿ. ಆಸುಪಾಸು. ಆರಂಭದ ದಿನಗಳಲ್ಲಿ ಬೆರಳ ತುದಿ ಉರಿಯುವುದು ಸಹಜ. ಪದೇ ಪದೇ ಒತ್ತಡ ಬಿದ್ದಲ್ಲಿ ಹೊರಚರ್ಮ ದಪ್ಪಗಾಗಿ ಕೆಲವು ವಾರಗಳಲ್ಲಿ ಜಡ್ಡುಗಟ್ಟುತ್ತದೆ. ಫ್ರೆಟ್ಟಿಗೆ ತೀರ ಹತ್ತಿರ, ಅದರ ಹಿಂಬದಿಗೆ ಒತ್ತಿದರೆ ಕಡಿಮೆ ಬಲ ಸಾಕು.

ಇಷ್ಟೆಲ್ಲ ಬೆರಳಿಗೆ ಗೊತ್ತಾದ ಮೇಲೂ ವೇಗ ಬರುವುದಿಲ್ಲ. 1951ರಲ್ಲಿ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಇದರ ಗುಟ್ಟನ್ನು ಕೆದಕಿದರು. ನುರಿತ ವಾದಕರ ಬೆರಳು ಸೆಕೆಂಡಿಗೆ 16 ಪೆಟ್ಟಿನವರೆಗೂ ಹೋಗಬಲ್ಲದು; ಸದ್ದು ಕೇಳಿ ಬೆರಳು ಅಲುಗಿಸಲು ಸುಮಾರು 0.15 ಸೆಕೆಂಡು ಬೇಕು. ಅಂದರೆ ಒಂದು ಸ್ವರ ಕೇಳಿದ ಮೇಲೆ ಮುಂದಿನದನ್ನು ನಿರ್ಧರಿಸಲು ಸಮಯವೇ ಇಲ್ಲ. ಇಡೀ ಸರಣಿ ಮೊದಲೇ ಸಿದ್ಧವಾಗಿರಬೇಕು. ಅಭ್ಯಾಸದಲ್ಲಿ ಆಗುವುದು ಅದೇ. ಬಿಡಿ ಚಲನೆಗಳು ಗೊಂಚಲಾಗುತ್ತವೆ, ಗೊಂಚಲನ್ನು ಒಂದೇ ಆದೇಶದಲ್ಲಿ ಹೊರಡಿಸುವ ಕೆಲಸದಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಪಾಲುಗೊಳ್ಳುತ್ತದೆ, ಕಾಲದ ನಿಖರತೆಯನ್ನು ಕಿರುಮಿದುಳು ತಿದ್ದುತ್ತದೆ. ತಪ್ಪಾಗಿ ನುಡಿಸಿದರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಗೊಂಚಲಾಗುತ್ತದೆ. ವಿಳಂಬದಲ್ಲಿ ಶುರುಮಾಡಿ ಎನ್ನುವ ಗುರುಗಳ ಹಟದ ಹಿಂದೆ ಇರುವುದು ಈ ಕಾರಣ.

ನಿದ್ದೆಗೂ ಇಲ್ಲಿ ಪಾತ್ರವಿದೆ. ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆರಳುಗಳಿಂದ ಒಂದು ಸರಣಿಯನ್ನು ಒತ್ತಲು ಕಲಿತವರು ರಾತ್ರಿ ಮಲಗಿ ಎದ್ದಾಗ ಸುಮಾರು 20% ವೇಗ ಗಳಿಸಿದ್ದರು; ಅಷ್ಟೇ ಹೊತ್ತು ಎಚ್ಚರವಿದ್ದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಅದರಲ್ಲೊಂದು ಪಾಲು ಬರೀ ದಣಿವಾರಿದ್ದರ ಫಲ ಎಂಬ ವಾದ ಆಮೇಲೆ ಬಂದಿದೆ. ಆದರೂ ದಿನಕ್ಕೆ ಅರ್ಧ ಗಂಟೆಯಂತೆ ಆರು ದಿನ ಕೂತವರು, ಭಾನುವಾರ ಒಂದೇ ಸಲ ಮೂರು ಗಂಟೆ ಕೂತವರಿಗಿಂತ ಮುಂದಿರುವುದು ಸಾಮಾನ್ಯ ಅನುಭವ.

ವರ್ಷಗಟ್ಟಲೆ ಸಾಧಕ ಮಾಡಿದ ಮಿದುಳಿನಲ್ಲಿ ಗುರುತೂ ಉಳಿಯುತ್ತದೆ. 1995ರಲ್ಲಿ ಥಾಮಸ್ ಎಲ್ಬರ್ಟ್ ತಂಡ ಒಂಬತ್ತು ತಂತಿವಾದ್ಯಗಾರರನ್ನು ಪರೀಕ್ಷಿಸಿತು; ಅವರಲ್ಲೊಬ್ಬರು ಗಿಟಾರ್ ವಾದಕರು. ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗದಲ್ಲಿ ಈ ತಂತಿವಾದ್ಯಗಾರರ ಎಡಗೈ ಕಿರುಬೆರಳಿಗೆ ವಾದ್ಯ ನುಡಿಸದವರಿಗಿಂತ ಬಲವಾದ ಪ್ರತಿಕ್ರಿಯೆ ಇತ್ತು. ವಾದ್ಯದ ಕುತ್ತಿಗೆಗೆ ಆನಿಕೊಂಡಿರುವ ಹೆಬ್ಬೆರಳಿನಲ್ಲಿ ವ್ಯತ್ಯಾಸ ಅಷ್ಟಿರಲಿಲ್ಲ. ಎಳವೆಯಲ್ಲೇ ಕಲಿತವರಲ್ಲಿ ಪರಿಣಾಮ ಹೆಚ್ಚು.

ಮುನ್ನುಡಿ ಮುಗಿದು ಚರಣ ಶುರುವಾದಾಗ ಸ-ನಿ-ರಿ ಸುತ್ತು ನಿಲ್ಲುತ್ತದೆ, ಅದರ ಬದಲು ಕೆಳಗಿನ ಸ್ವರ ಸ, ನಿ, ದ, ಪ ಎಂದು ಮೆಟ್ಟಿಲಿಳಿಯುತ್ತದೆ. ಎಡಗೈಗೆ ಇದು ಸುಲಭ. ಕಷ್ಟ ಬರುವುದು ಗಂಟಲು ಸೇರಿದಾಗ: ಗಮನ ಮಾತಿನ ಕಡೆ ಹೊರಳಿದ ಕ್ಷಣವೇ ಹೆಬ್ಬೆರಳು ತಾಳ ತಪ್ಪುತ್ತದೆ. ಮೀಟುತ್ತಲೇ ಪಕ್ಕದವರ ಜೊತೆ ಹರಟೆ ಹೊಡೆಯುವಷ್ಟು ಕೈ ಸ್ವತಂತ್ರವಾಗುವವರೆಗೆ ಹಾಡಲು ಹೋಗದಿರುವುದು ಲೇಸು. ಮೂಲ ಧ್ವನಿಮುದ್ರಣದಲ್ಲಂತೂ ಈ ಪೇಚು ಇರಲಿಲ್ಲ. ಅಲ್ಲಿ ಲಿವ್‌ಗ್ರೆನ್ ಮೀಟಿದರು, ಹಾಡಿದವರು ಸ್ಟೀವ್ ವಾಲ್ಶ್.