ಹಳೆಯ ಡಬ್ಬ, ಹೊಸ ಊಳಿಗ

ಪ್ರಶ್ನೆ: ಅಟ್ಟದ ಮೇಲಿರುವ ಹಳೆಯ ಬಿಸ್ಕತ್ತಿನ ಡಬ್ಬಗಳನ್ನೂ ಭರಣಿಗಳನ್ನೂ ಅಡುಗೆಮನೆಯಲ್ಲಿ ಮರಳಿ ಬಳಸಬಹುದೇ?

ಉತ್ತರ: ಅವಶ್ಯವಾಗಿ ಬಳಸಬಹುದು, ಆದರೆ ಯಾವ ಪಾತ್ರೆಯಲ್ಲಿ ಯಾವ ಪದಾರ್ಥವೆಂಬ ವಿವೇಚನೆಯು ಮೊದಲಾಗಬೇಕು. ಬಿಸ್ಕತ್ತಿನ ಡಬ್ಬವು ತವರದ ಅತಿ ತೆಳುವಾದ ಲೇಪವನ್ನು ಹೊದ್ದ ಉಕ್ಕಿನ ತಗಡಾದುದರಿಂದ, ಹುಣಿಸೆ, ಉಪ್ಪು, ಉಪ್ಪಿನಕಾಯಿಗಳಲ್ಲಿನ ಆಮ್ಲಲವಣಗಳು ತೇವದ ನೆರವನ್ನು ಪಡೆದು ಆ ಲೇಪವನ್ನು ಭೇದಿಸಿ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸದೆ ಬಿಡವು. ಅದೇ ಡಬ್ಬದಲ್ಲಿ ಗುಂಡಿ, ಸೂಜಿ, ನೂಲುಂಡೆಗಳೋ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಸಂಡಿಗೆಗಳೋ ನಿಶ್ಚಿಂತೆಯಿಂದ ಇರಬಲ್ಲವು. ಪಿಂಗಾಣಿ ಭರಣಿಯ ಮಾತು ಬೇರೆ. ಕುಲುಮೆಯ ಶಾಖದಲ್ಲಿ ಕರಗಿ ಗಾಜಿನಂತೆ ಗಟ್ಟಿಯಾದ ಅದರ ಮೆರುಗಿಗೆ ಉಪ್ಪಿನಕಾಯಿಯ ಹುಳಿಯ ಭಯವಿಲ್ಲ. ಆ ಮೆರುಗು ಬಿರಿದುದನ್ನು ಮಾತ್ರ ಉಪ್ಪಿನಕಾಯಿಯ ಸೇವೆಯಿಂದ ನಿವೃತ್ತಗೊಳಿಸಿ, ಸೌಟು, ಮೊಗಚುವ ಕೈಗಳನ್ನು ನಿಲ್ಲಿಸಲು ಒಲೆಯ ಬದಿಯಲ್ಲಿ ಇರಿಸುವುದು ಲೇಸು. (ಅದಕ್ಕೆ ಬಣ್ಣ ಬಳಿದು ಹೂವಿನ ಚಿತ್ರ ಬರೆಯುವ ಅತ್ಯುತ್ಸಾಹವು ನನಗಂತೂ ಸೇರದು.) ಸೀಮೆಎಣ್ಣೆಯ ಡಬ್ಬವನ್ನಾದರೋ ಎಷ್ಟು ತೊಳೆದರೂ ಧಾನ್ಯಕ್ಕೆ ಬಳಸಲಾಗದು, ಮೇಲ್ಭಾಗವನ್ನು ಕತ್ತರಿಸಿ, ಕೈ ಕುಯ್ಯದಂತೆ ಅಂಚನ್ನು ಒಳಕ್ಕೆ ಮಡಿಸಿ, ಹಿತ್ತಿಲಿನ ಕುಡುಗೋಲು ಗುದ್ದಲಿಗಳಿಗೆ ಅದನ್ನು ಬಿಟ್ಟುಕೊಡಬಹುದು.